ಕೈತಪ್ಪಿದ ಮಕ್ಕಳ ವಾರ್ಡು

(ಸಂಬಂಧಪಟ್ಟವರ ಒಪ್ಪಿಗೆ ಪಡೆದು ಬರೆದದ್ದು. ಹೆಸರು, ಊರು ಮತ್ತು ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.)

ಡಾ. ಸಿಂಧು ಮೊದಲ ದಿನ ಆಪ್ತಸಮಾಲೋಚಕಿಯಾದ ನನ್ನ ಎದುರು ಕುಳಿತು ಮಾತು ಆರಂಭಿಸಿದ್ದೇ ಪರೀಕ್ಷೆಯ ಒಂದು ಪ್ರಶ್ನೆಯಿಂದ. ಅವರು ಬರೆದ ನೀಟ್-ಪಿಜಿಯಲ್ಲಿ, ಅಂದರೆ ವೈದ್ಯಕೀಯ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಲ್ಲಿ, 200 ಪ್ರಶ್ನೆ, 800 ಅಂಕ. 40 ಪ್ರಶ್ನೆಗಳ ಒಂದೊಂದು ಭಾಗಕ್ಕೆ 42 ನಿಮಿಷ. ಹೊತ್ತು ಮುಗಿಯಿತೆಂದರೆ ಆ ಭಾಗಕ್ಕೆ ಮರಳುವಂತಿಲ್ಲ. ಮೂರನೆಯ ಭಾಗದ ಕೊನೆಯ ಗಳಿಗೆಯಲ್ಲಿ ಅವರು ಸರಿಯಾಗಿದ್ದ ಉತ್ತರವನ್ನು ಅಳಿಸಿ ಬೇರೊಂದನ್ನು ಗುರುತು ಮಾಡಿದ್ದರು. ಸರಿಯುತ್ತರದ ನಾಲ್ಕು ಅಂಕ ಹೋಯಿತು, ತಪ್ಪಿಗಾಗಿ ಇನ್ನೊಂದು ಅಂಕ ಕಳೆಯಿತು. “ಆ ಐದು ಅಂಕ ಇದ್ದಿದ್ದರೆ ಪೀಡಿಯಾಟ್ರಿಕ್ಸ್ (ಮಕ್ಕಳ ವೈದ್ಯಶಾಸ್ತ್ರ) ಸಿಗುತ್ತಿತ್ತು ಮೇಡಂ,” ಎಂದರು. ಅರ್ಧ ಗಂಟೆಯೊಳಗೆ ನಾಲ್ಕು ಸಲ ಅದೇ ಪ್ರಶ್ನೆಗೆ ಬಂದು ನಿಂತರು.

ಇಪ್ಪತ್ತೇಳು ವರ್ಷ. ಹೈಸ್ಕೂಲು ಮೇಷ್ಟರ ಮಗಳು, ಮನೆತನಕ್ಕೆ ಮೊದಲ ಡಾಕ್ಟರು. ಇಂಟರ್ನ್‌ಶಿಪ್ ಕಾಲದಲ್ಲೇ ಮಕ್ಕಳ ವೈದ್ಯೆಯಾಗಬೇಕೆಂದು ನಿಶ್ಚಯಿಸಿಕೊಂಡಿದ್ದರು. ಮೊದಲ ಯತ್ನ ಫಲಿಸದೆ ಒಂದು ವರ್ಷ ಮನೆಯಲ್ಲೇ ಕುಳಿತು ಓದಿದರು. ಎರಡನೆಯ ಸಲ ಕೈಗೆ ಬಂದದ್ದು ಸರ್ಕಾರಿ ಕಾಲೇಜೊಂದರಲ್ಲಿ ಪ್ಯಾಥಾಲಜಿ, ಅಂದರೆ ರಕ್ತ, ಅಂಗಾಂಶಗಳ ಮಾದರಿ ನೋಡಿ ರೋಗ ಗುರುತಿಸುವ ವಿಭಾಗ. ಇನ್ನೊಂದು ವರ್ಷ ಕಾಯುವ ಧೈರ್ಯ ಮನೆಯವರಿಗೂ ಇರಲಿಲ್ಲ, ಸೇರಿಕೊಂಡರು. ನನ್ನ ಬಳಿ ಬಂದಾಗ ಸೇರಿ ಮೂರು ವಾರವಾಗಿತ್ತು. ನಿದ್ದೆಯಿಲ್ಲ. ಊಟದ ಹೊತ್ತಿಗೆ ಮೆಸ್‌ಗೆ ಹೋದರೆ “ಯಾವ ವಿಭಾಗ?” ಎಂದು ಯಾರಾದರೂ ಕೇಳಿಯಾರೆಂದು ಕೋಣೆಯಲ್ಲೇ ಬಿಸ್ಕತ್ತು ತಿನ್ನುತ್ತಿದ್ದರು. ಊರಿನಲ್ಲಿ ನೆಂಟರೊಬ್ಬರು ತಂದೆಯನ್ನು ಕೇಳಿದ್ದರಂತೆ: “ರಕ್ತ ಪರೀಕ್ಷೆ ಮಾಡುವುದಕ್ಕೆ ಇಷ್ಟು ವರ್ಷ ಓದಬೇಕೇ ಮೇಷ್ಟ್ರೇ?” ತಂದೆ ಏನೂ ಹೇಳದೆ ಎದ್ದು ಹೋದರು. ನೆಂಟರ ಮಾತಿಗಿಂತ ಆ ಮೌನವೇ ಮಗಳನ್ನು ಹೆಚ್ಚು ಸುಟ್ಟಿತ್ತು.

ಮೊದಲ ಭೇಟಿಯಲ್ಲಿ ನಾನೊಂದು ತಪ್ಪು ಮಾಡಿದೆ. ಪ್ಯಾಥಾಲಜಿಯೂ ಒಳ್ಳೆಯ ವಿಷಯ, ರಾತ್ರಿ ಪಾಳಿಯ ಕಾಟ ಕಡಿಮೆ ಎಂದೆಲ್ಲ ಹೇಳತೊಡಗಿದೆ. ಅವರು ತಲೆಯಾಡಿಸಿದರು, ಮುಖ ಮುಚ್ಚಿಕೊಂಡಿತು. ಈ ಮಾತುಗಳನ್ನು ಅವರಿಗೆ ಆಗಲೇ ಹತ್ತು ಜನ ಹೇಳಿದ್ದರು. ಸಾವಿನ ಮನೆಗೆ ಹೋಗಿ ಆಸ್ತಿಯ ವಿಚಾರ ತೆಗೆದಂತಾಯಿತು ನನ್ನ ಸಮಾಧಾನ. ಎರಡನೆಯ ಭೇಟಿಯಲ್ಲಿ ಅದನ್ನು ಒಪ್ಪಿಕೊಂಡು, ಪ್ಯಾಥಾಲಜಿಯ ಮಾತನ್ನು ಪಕ್ಕಕ್ಕಿಟ್ಟು, ಮಕ್ಕಳ ವಾರ್ಡಿನಲ್ಲಿ ಕಳೆದ ಒಂದು ದಿನವನ್ನು ಹೇಳಿ ಎಂದೆ. ಆರು ವರ್ಷದ ಹುಡುಗನೊಬ್ಬನಿಗೆ ಡ್ರಿಪ್ ಹಾಕಲು ರಕ್ತನಾಳ ಸಿಗದೆ ಎರಡು ಸಲ ಚುಚ್ಚಿದ ಮೇಲೆ, ಅವನೇ ಇನ್ನೊಂದು ಕೈ ಚಾಚಿ “ಇಲ್ಲಿ ನೋಡಿ ಅಕ್ಕಾ” ಎಂದದ್ದನ್ನು ಹೇಳುತ್ತ ಸಿಂಧು ಬಿಕ್ಕಿ ಅತ್ತರು. ಫಲಿತಾಂಶ ಬಂದ ಮೇಲೆ ಅವರು ಅತ್ತದ್ದು ಅದೇ ಮೊದಲು.

ಸೀಟು ತಪ್ಪಿದ ನೋವಿಗೆ ನಮ್ಮಲ್ಲಿ ಸೂತಕವಿಲ್ಲ. ಪಿಜಿ ಸಿಕ್ಕಿದೆಯಲ್ಲ, ಎಷ್ಟೋ ಜನಕ್ಕೆ ಅದೂ ಇಲ್ಲ ಎಂದು ಬಾಯಿ ಮುಚ್ಚಿಸುತ್ತಾರೆ. ಆದರೆ ತಾನು ಮುಂದೆ ಏನಾಗುತ್ತೇನೆಂದು ಐದಾರು ವರ್ಷ ಕಂಡ ಚಿತ್ರ ಒಮ್ಮೆಲೇ ಅಳಿಸಿಹೋದರೆ ಅದು ನಿಜವಾದ ನಷ್ಟ. ಅಳಬೇಕಾದದ್ದೇ.

ಅದೇ ದಿನ ನೇರವಾಗಿ ಕೇಳಿದೆ: ಸಾಯಬೇಕೆಂಬ ಯೋಚನೆ ಬಂದಿದೆಯೇ? ಹೀಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಇದ್ದರೆ ಹೇಳಿಕೊಳ್ಳಲು ದಾರಿಯಾಗುತ್ತದೆ. “ಬೆಳಿಗ್ಗೆ ಎಚ್ಚರವೇ ಆಗದಿದ್ದರೆ ಸಾಕು ಅನ್ನಿಸುತ್ತದೆ,” ಎಂದರು. ಅಂಥ ಯೋಜನೆಯೇನೂ ಇರಲಿಲ್ಲ, ಆದರೂ ಹಗುರವಾಗಿ ತೆಗೆದುಕೊಳ್ಳುವ ಮಾತಲ್ಲ. ಅವರ ಒಪ್ಪಿಗೆಯಿಂದಲೇ ಪಕ್ಕದ ಕೋಣೆಯ ಗೆಳತಿಗೆ ವಿಷಯ ತಿಳಿಸಿದೆವು, ಆ ವಾರವೇ ಮನೋವೈದ್ಯರನ್ನು ಕಾಣುವಂತೆ ಮಾಡಿದೆ. ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಯನ್ನು ನನ್ನೆದುರೇ ಮೊಬೈಲಿನಲ್ಲಿ ಸೇರಿಸಿಕೊಂಡರು. ಡಾಕ್ಟರುಗಳು ತಮ್ಮ ವಿಷಯಕ್ಕೆ ಬಂದಾಗ ಚಿಕಿತ್ಸೆಯನ್ನು ಮುಂದೂಡುತ್ತಲೇ ಹೋಗುತ್ತಾರೆ. ಇದನ್ನು ಮತ್ತೆ ಮತ್ತೆ ನೋಡಿದ್ದೇನೆ.

ಮೂರನೆಯ ಭೇಟಿಗೆ ಅವರು ರಾಜೀನಾಮೆ ಪತ್ರ ಬರೆದುಕೊಂಡೇ ಬಂದಿದ್ದರು. ಕೊಡಿ ಎಂದೂ ನಾನು ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ನಿದ್ದೆಗೆಟ್ಟು ಬರೆದ ಪತ್ರವನ್ನು ನಿದ್ದೆ ಮಾಡಿ ಎದ್ದವರು ಓದಬೇಕು ಎಂದೆ. ಆರು ವಾರ ಕಾಲ ಕೇಳಿಕೊಂಡೆ. ಅಷ್ಟರೊಳಗೆ ಕಾಲೇಜು ಕಚೇರಿಯಿಂದ ಲಿಖಿತವಾಗಿ ತಿಳಿಯಬೇಕಾದದ್ದು: ಸೀಟು ಬಿಡಲು ಕೊನೆಯ ದಿನ ಯಾವುದು, ದಂಡ ಎಷ್ಟು, ಮೂಲ ಅಂಕಪಟ್ಟಿಗಳು ಯಾವಾಗ ವಾಪಸು ಸಿಗುತ್ತವೆ, ಮುಂದಿನ ಪರೀಕ್ಷೆಗೆ ಕೂರಲು ತಡೆಯಿದೆಯೇ. ಈ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಹಾಸ್ಟೆಲಿನ ಗಾಳಿಮಾತು ನಂಬಿ ಯಾರೂ ಹೆಜ್ಜೆ ಇಡಬಾರದು. ಜೊತೆಗೆ, ಪೀಡಿಯಾಟ್ರಿಕ್ಸ್ ಸೇರಿದ ಗೆಳೆಯರ ವಾಟ್ಸ್‌ಆ್ಯಪ್ ಗುಂಪನ್ನು ಮೌನವಾಗಿಡಿ, ದಿನಕ್ಕೊಂದು ಊಟವನ್ನಾದರೂ ಮೆಸ್‌ನಲ್ಲಿ ಕುಳಿತು ಮಾಡಿ ಎಂದೆ.

ಪ್ಯಾಥಾಲಜಿಯ ಮಾತನ್ನು ಮತ್ತೆ ನಾನು ಎತ್ತಲಿಲ್ಲ. ಐದನೆಯ ಭೇಟಿಯಲ್ಲಿ ಅವರೇ ಎತ್ತಿದರು. ಆ ದಿನವೂ ಅವರ ದುಪಟ್ಟಾಗೆ, ಅಂಗಾಂಶ ಕೆಡದಂತೆ ಇಡುವ ಫಾರ್ಮಾಲಿನ್ ದ್ರಾವಣದ ವಾಸನೆ ಅಂಟಿತ್ತು. ಹಿಂದಿನ ದಿನ ಶಸ್ತ್ರಚಿಕಿತ್ಸೆ ನಡುವೆಯೇ ಗಡ್ಡೆಯ ತುಣುಕೊಂದು ಅವರ ವಿಭಾಗಕ್ಕೆ ಬಂದಿತ್ತು. ಅದನ್ನು ಹೆಪ್ಪುಗಟ್ಟಿಸಿ, ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಅರ್ಧ ಗಂಟೆಯೊಳಗೆ ವರದಿ ಹೇಳಬೇಕು. ಅಲ್ಲಿ ರೋಗಿ ಅರಿವಳಿಕೆಯಲ್ಲಿ ಮಲಗಿದ್ದಾಳೆ, ಸರ್ಜನ್ ಕೈಕಟ್ಟಿ ನಿಂತಿದ್ದಾರೆ. “ನಮ್ಮ ಮೇಡಂ ಫೋನಿನಲ್ಲಿ ಒಂದೇ ಮಾತು ಹೇಳಿದರು, ಕ್ಯಾನ್ಸರ್ ಅಲ್ಲ. ಅಂಗ ಉಳಿಯಿತು,” ಎಂದರು ಸಿಂಧು. ಸೂಜಿ ಚುಚ್ಚಿ ಗಂಟಿನ ಮಾದರಿ ತೆಗೆಯುವ ಕೋಣೆಯಲ್ಲಿ ಕುತ್ತಿಗೆಯ ಗಂಟು ತೋರಿಸಲು ಬಂದ ಹೆಂಗಸರು ಇವರ ಕೈ ಹಿಡಿದುಕೊಳ್ಳುತ್ತಾರೆ ಎಂದೂ ಹೇಳಿದರು. ಅದುವರೆಗೆ ಇದು ರೋಗಿಯ ಮುಖವೇ ಕಾಣದ ವಿಭಾಗವೆಂದು ಅವರು ತಿಳಿದಿದ್ದರು.

ಇದರಿಂದ ಎಲ್ಲ ಸರಿಹೋಯಿತೆಂದು ನಾನು ಬರೆಯುತ್ತಿಲ್ಲ. ನಡುವೆ ಒಂದು ವಾರ ಮತ್ತೆ ಕುಸಿದರು. ಗೆಳತಿಯೊಬ್ಬಳು ನವಜಾತ ಶಿಶುವನ್ನು ಎತ್ತಿಕೊಂಡ ಚಿತ್ರ ಹಾಕಿದ್ದೇ ಸಾಕಾಯಿತು.

ತಂದೆಯನ್ನೂ ಒಮ್ಮೆ ಕರೆಸಿದೆ. ಅವತ್ತು ನೆಂಟರಿಗೆ ಏಕೆ ಉತ್ತರ ಕೊಡಲಿಲ್ಲ ಎಂದು ಮಗಳೇ ಕೇಳಿದಳು. “ಏನು ಹೇಳಬೇಕೆಂದು ನನಗೆ ಗೊತ್ತಿರಲಿಲ್ಲ ಮಗಳೇ. ನೀನು ಏನು ಮಾಡುತ್ತೀಯೆಂದು ನನಗೆ ಯಾರೂ ಹೇಳಿಯೇ ಇಲ್ಲ,” ಎಂದರು ಮೇಷ್ಟರು. ನಾಚಿಕೆಯೆಂದು ಅವಳು ತಿಂಗಳುಗಟ್ಟಲೆ ಹೊತ್ತದ್ದು ಬರೀ ತಿಳಿಯದಿರುವಿಕೆ. ಅವಳು ಕಾಗದದ ಮೇಲೆ ಜೀವಕೋಶ ಬರೆದು ತೋರಿಸಿದಳು. ಮೇಷ್ಟರು ಕನ್ನಡಕ ಹಾಕಿಕೊಂಡು ಕೇಳಿದರು, ಆ ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡರು.

ಸೀಟು ಬಿಡುವ ಕೊನೆಯ ದಿನ ದಾಟಿತು. ರಾಜೀನಾಮೆ ಪತ್ರ ಇನ್ನೂ ಅವರ ಪುಸ್ತಕದೊಳಗೇ ಇದೆ. ಆಸ್ಪತ್ರೆಯಲ್ಲಿ ಮಕ್ಕಳ ವಾರ್ಡಿನ ಮುಂದೆ ಹೋಗುವುದನ್ನು ತಪ್ಪಿಸಲು ಈಗಲೂ ಹಿಂದಿನ ಮೆಟ್ಟಿಲು ಬಳಸುತ್ತೇನೆ, ಇದು ತಪ್ಪೇ ಎಂದು ಕೇಳಿದರು. ಬಳಸಿ, ಎಷ್ಟು ದಿನ ಬೇಕೋ ಅಷ್ಟು ದಿನ ಎಂದೆ. ಮುಂದಿನ ಭೇಟಿ ದಸರೆ ರಜೆಯ ನಂತರ.