ಪಠಾಣರ ಗೊಡವೆ ನಮಗ್ಯಾಕೆ ಎಂದ ಮೇಷ್ಟ್ರಿಗೆ

ಹಾಸನ ಜಿಲ್ಲೆಯ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ ಪಾಕಿಸ್ತಾನದ ಚಾರ್ಸದ್ದಾ ಜಿಲ್ಲೆಯ ಬಗ್ಗೆ ಎರಡು ಪುಟ ಹಾಕಿದ್ದೀರಿ. ಕನ್ನಡದ ಪತ್ರಿಕೆಗೆ ಪಶ್ತೋ ಮಾತಾಡುವವರ ಗೊಡವೆ ಯಾಕೆ? ಬಂದೂಕು, ಸೇಡು, ಬಾಂಬು ಬಿಟ್ಟರೆ ಆ ಜನಕ್ಕೆ ಚರಿತ್ರೆ ಅಂತ ಏನಿದೆ? ಗಡಿನಾಡ ಗಾಂಧಿ ಒಬ್ಬರಿದ್ದರು, ನಿಜ. ಅವರು ಅಪವಾದ. ಹೀಗೇ ಮುಂದುವರಿದರೆ ನಾನು ಚಂದಾ ನಿಲ್ಲಿಸಬೇಕಾಗುತ್ತದೆ."

ಮೇಷ್ಟ್ರೇ, ನಮಸ್ಕಾರ. ಶಾಯಿ ಪೆನ್ನಿನಲ್ಲಿ, ಅಂಚು ಬಿಟ್ಟು, ಒಂದೂ ಕಾಗುಣಿತದ ತಪ್ಪಿಲ್ಲದೆ ಬರೆದಿದ್ದೀರಿ. ಈ ಕಾಲದಲ್ಲಿ ಇಂಥ ಕಾಗದ ಬಂದರೆ, ಬೈಗುಳವಿದ್ದರೂ ಖುಷಿಯಾಗುತ್ತದೆ. ಆದರೆ 'ಅಪವಾದ' ಅಂತ ಒಂದು ಪದ ಹಾಕಿದಿರಲ್ಲ, ಅದು ಮಾತ್ರ ನನಗೆ ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳಿನ ಹಾಗಾಗಿದೆ. ಅದಕ್ಕೇ ಈ ಉದ್ದ ಉತ್ತರ.

ನಿಮ್ಮ ಮಾತಿನಲ್ಲಿ ನಿಜ ಎಷ್ಟಿದೆಯೋ ಅಷ್ಟನ್ನು ಮೊದಲೇ ಒಪ್ಪಿಬಿಡುತ್ತೇನೆ. ಪಶ್ತೂನರಲ್ಲಿ, ಅಂದರೆ ನಾವು ಪಠಾಣರು ಅನ್ನುವವರಲ್ಲಿ, 'ಬದಲ್' ಅನ್ನುವುದು ಇದೆ, ಸೇಡು ತೀರಿಸಿಕೊಳ್ಳುವ ಕಟ್ಟಳೆ. ಚಾರ್ಸದ್ದಾದಲ್ಲಿ ರಕ್ತ ಹರಿದಿದೆ. 2016ರ ಜನವರಿ 20ರಂದು ಅಲ್ಲಿನ ಬಾಚಾ ಖಾನ್ ವಿಶ್ವವಿದ್ಯಾಲಯಕ್ಕೆ ನಾಲ್ವರು ನುಗ್ಗಿ ಇಪ್ಪತ್ತಕ್ಕೂ ಹೆಚ್ಚು ಜನರನ್ನು ಕೊಂದರು. ಅವತ್ತು ಬಾಚಾ ಖಾನರ, ಅಂದರೆ ನಿಮ್ಮ ಗಡಿನಾಡ ಗಾಂಧಿಯ, ಪುಣ್ಯತಿಥಿ. ಅವರ ನೆನಪಿಗೆ ಕ್ಯಾಂಪಸ್ಸಿನಲ್ಲಿ ಕವಿಗೋಷ್ಠಿ ಇಟ್ಟುಕೊಂಡಿದ್ದರು. ಟಿವಿಯವರು ಆ ನಾಲ್ವರ ಬಗ್ಗೆ ಗಂಟೆಗಟ್ಟಲೆ ಹೇಳಿದರು. ಕವಿತೆ ಕೇಳಲು ಬಂದಿದ್ದ ನೂರಾರು ಜನರ ಬಗ್ಗೆ ಎಷ್ಟು ಹೇಳಿದರು? ನೀವೂ ನಾಲ್ವರನ್ನೇ ಎಣಿಸಿಕೊಂಡು ಕಾಗದ ಬರೆದಿದ್ದೀರಿ.

ತಪ್ಪು ನಿಮ್ಮೊಬ್ಬರದಲ್ಲ ಬಿಡಿ. ನಾನು ಊಟ ಮಾಡದೆ ಹಟ ಹಿಡಿದರೆ ನಮ್ಮಜ್ಜಿ "ಪಠಾಣನಿಗೆ ಕೊಟ್ಟುಬಿಡ್ತೀನಿ" ಅನ್ನುತ್ತಿದ್ದಳು. ಅವಳ ಕಾಲದಲ್ಲಿ ನಮ್ಮೂರ ಸಂತೆಗೆ ಪಠಾಣರು ಬರುತ್ತಿದ್ದರಂತೆ. ಸಾಲ ಕೊಡುತ್ತಿದ್ದರಂತೆ, ಬಡ್ಡಿ ಕೊಡದಿದ್ದರೆ ಮನೆ ಬಾಗಿಲಲ್ಲಿ ಕೋಲು ಕುಟ್ಟಿಕೊಂಡು ಕೂರುತ್ತಿದ್ದರಂತೆ. ಅದೇ ಅಜ್ಜಿಗೆ ಅವರು ತರುತ್ತಿದ್ದ ಇಂಗಿಲ್ಲದೆ ಸಾರಿನ ಒಗ್ಗರಣೆ ಆಗುತ್ತಿರಲಿಲ್ಲ! ಇಂಗಿನ ವಿಷಯ ಅವಳು ಯಾವತ್ತೂ ಹೇಳಲಿಲ್ಲ. ಕೋಲಿನ ವಿಷಯ ದಿನಾ ಹೇಳಿದಳು.

ಈಗ ಚಾರ್ಸದ್ದಾಕ್ಕೆ ಬರೋಣ. ಪೆಶಾವರದಿಂದ 30 ಕಿಲೋಮೀಟರ್ ಆಸುಪಾಸು. ಸ್ವಾತ್ ಮತ್ತು ಕಾಬೂಲ್ ನದಿಗಳ ನೀರು ಕುಡಿಯುವ ನೆಲ. 2017ರ ಜನಗಣತಿಯಲ್ಲಿ 16 ಲಕ್ಷ ಜನ. ಹೆಚ್ಚು ಕಡಿಮೆ ನಿಮ್ಮ ಹಾಸನ ಜಿಲ್ಲೆಯಷ್ಟೇ, ಜಾಗ ಮಾತ್ರ ಅದರ ಏಳನೇ ಒಂದು ಪಾಲು. ಪೆಶಾವರ ಜಿಲ್ಲೆಯಿಂದ ಒಡೆದು ಬೇರೆ ಜಿಲ್ಲೆಯಾದದ್ದು 1988ರಲ್ಲಿ. ಹಳಬರ ಬಾಯಲ್ಲಿ ಇದು ಹಶ್ತ್‌ನಗರ. ಹಶ್ತ್ ಅಂದರೆ ಎಂಟು, ನಮ್ಮ 'ಅಷ್ಟ'ದ ನೆಂಟ. ಚಾರ್ಸದ್ದಾ, ಪ್ರಾಂಗ್, ರಜ್ಜರ್, ಉತ್ಮಾನ್‌ಝೈ, ತುರಂಗ್‌ಝೈ, ಉಮರ್‌ಝೈ, ಶೇರ್‌ಪಾವ್, ತಂಗಿ ಅಂತ ಎಂಟು ಊರು. ಇವರು ತಮ್ಮ ನುಡಿಯನ್ನು ಪಖ್ತೋ ಅನ್ನುತ್ತಾರೆ, ಕಂದಹಾರದ ಕಡೆಯವರು ಪಶ್ತೋ ಅನ್ನುತ್ತಾರೆ. ನಮ್ಮ ಧಾರವಾಡ, ಮೈಸೂರು ಇದ್ದ ಹಾಗೆ. ಆ ನುಡಿಯಲ್ಲಿ ನಮ್ಮ 'ಣ'ಕಾರವೂ ಉಂಟು.

ಚರಿತ್ರೆ ಏನಿದೆ ಅಂತ ಕೇಳಿದಿರಿ. ಮೇಷ್ಟ್ರೇ, ನೀವು ರಾಮಾಯಣದ ಉತ್ತರಕಾಂಡ ಓದಿದವರು. ಭರತನಿಗೆ ಇಬ್ಬರು ಮಕ್ಕಳು, ತಕ್ಷ ಮತ್ತು ಪುಷ್ಕಲ. ತಕ್ಷನಿಗೆ ತಕ್ಷಶಿಲೆ, ಪುಷ್ಕಲನಿಗೆ ಪುಷ್ಕಲಾವತಿ ಅಂತ ಅಲ್ಲಿ ಬರುತ್ತದೆ. ಆ ಪುಷ್ಕಲಾವತಿ ಇದೇ ಚಾರ್ಸದ್ದಾ! ಗಾಂಧಾರದ ಹಳೇ ರಾಜಧಾನಿ. ಕ್ರಿ.ಪೂ. 327ರಲ್ಲಿ ಅಲೆಕ್ಸಾಂಡರನ ಸೇನೆ ಮೂವತ್ತು ದಿನ ಮುತ್ತಿಗೆ ಹಾಕಿ ಹಿಡಿದ ಊರು. ಅಲ್ಲಿನ ಬಾಲಾ ಹಿಸಾರ್ ದಿಬ್ಬವನ್ನು 1958ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆದರು. ಆಮೇಲೆ 1990ರ ದಶಕದಲ್ಲಿ ಮತ್ತೆ ಅಗೆದವರು ವೀಲರ್ ಹೇಳಿದ ಕಾಲವನ್ನು ಇನ್ನೂ ಹಲವು ನೂರು ವರ್ಷ ಹಿಂದಕ್ಕೆ ತಳ್ಳಿದರು. ಪಕ್ಕದಲ್ಲೇ ಶೇಖಾನ್ ಢೇರಿ ಅಂತ ಇನ್ನೊಂದು ದಿಬ್ಬ, ಗ್ರೀಕರು ಮತ್ತು ಕುಷಾಣರ ಕಾಲದ ಪಟ್ಟಣ. ಗಾಂಧಾರಿ ಅಂದರೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಹೆಂಗಸು ಅಂತ ಮಕ್ಕಳಿಗೆ ಕಲಿಸುತ್ತೇವೆ. ಅವಳ ನಾಡು ಎಲ್ಲಿ ಅಂತ ಭೂಪಟದಲ್ಲಿ ತೋರಿಸುವುದಿಲ್ಲ.

ಹಳೇ ಮಣ್ಣಿನ ಮಾತು ಸಾಕು. ನನಗೆ ನಿಜವಾಗಿ ಹೇಳಬೇಕಾದದ್ದು ಉತ್ಮಾನ್‌ಝೈ ಊರಿನ ಬಗ್ಗೆ. 1890ರಲ್ಲಿ ಬಾಚಾ ಖಾನ್, ಪೂರ್ತಿ ಹೆಸರು ಅಬ್ದುಲ್ ಗಫಾರ್ ಖಾನ್, ಹುಟ್ಟಿದ್ದು ಅಲ್ಲಿ. ಅವರನ್ನು ನಾವು ಹೇಗೆ ನೆನೆಯುತ್ತೇವೆ? ಎತ್ತರದ ಆಳು, ಉದ್ದ ಮೂಗು, ಗಾಂಧೀಜಿಯ ಪಕ್ಕ ನಿಂತ ಫೋಟೋ. ಮುಗೀತು. ಆದರೆ ಆ ಮನುಷ್ಯ ಮೊದಲು ಮಾಡಿದ್ದು ಏನು ಗೊತ್ತಾ? ಸತ್ಯಾಗ್ರಹ ಅಲ್ಲ. ಶಾಲೆ. ಇಪ್ಪತ್ತರ ಹುಡುಗ 1910ರಲ್ಲಿ ಊರಿನಲ್ಲಿ ಶಾಲೆ ತೆರೆದ. ಆ ಸೀಮೆಯಲ್ಲಿ ಆಗ ಒಂದು ಪದ್ಯವೇ ಇತ್ತು: ಶಾಲೆಗೆ ಹೋಗುವವನು ಕಾಸಿಗಾಗಿ ಓದುತ್ತಾನೆ, ಅವನಿಗೆ ಸ್ವರ್ಗದಲ್ಲಿ ಜಾಗವಿಲ್ಲ, ನರಕದಲ್ಲಿ ಒದ್ದಾಡುತ್ತಾನೆ ಅಂತ. ಒಂದು ಕಡೆ ಮುಲ್ಲಾಗಳು, ಇನ್ನೊಂದು ಕಡೆ ಬ್ರಿಟಿಷರು. ಶಾಲೆ ಮುಚ್ಚಿತು. 1921ರಲ್ಲಿ ಮತ್ತೆ ತೆರೆದರು. ಬ್ರಿಟಿಷ್ ಅಧಿಕಾರಿ ಅಪ್ಪ ಬಹ್ರಾಮ್ ಖಾನರನ್ನು ಕರೆಸಿ "ಮಗನಿಗೆ ಬುದ್ಧಿ ಹೇಳಿ" ಅಂದ. ಅಪ್ಪ ಬಂದು ಹೇಳಿದರು. ಮಗ ಕೇಳಿದ್ದು ಇಷ್ಟು: ಊರಿನವರೆಲ್ಲ ನಮಾಜು ಬಿಟ್ಟರೆ ನನಗೂ ಬಿಡು ಅನ್ನುತ್ತೀರಾ? ಇಲ್ಲ ಅಂದರು ಅಪ್ಪ. ಶಾಲೆಯೂ ಹಾಗೇ ಅಂದ ಮಗ. ಅದೇ ವರ್ಷ ಜೈಲಿಗೆ ಹೋದ. ಶಾಲೆ ಮುಚ್ಚಲು ಒಪ್ಪಲಿಲ್ಲ ಅಂತ ಮೂರು ವರ್ಷ ಜೈಲು. ಜೀವನವಿಡೀ ಪಾಠ ಮಾಡಿದ ನೀವು, ಮೇಷ್ಟ್ರೇ, ಇವರನ್ನು 'ಅಪವಾದ' ಅಂತ ಒಂದೇ ಪದದಲ್ಲಿ ದಾಟಿ ಹೋಗಬಹುದಾ?

ಎರಡನೆಯದು ನನ್ನ ಹೊಟ್ಟೆಪಾಡಿಗೆ ಹತ್ತಿರದ್ದು. 1928ರಲ್ಲಿ ಅವರು 'ಪಖ್ತೂನ್' ಅಂತ ಮಾಸಪತ್ರಿಕೆ ತಂದರು, ಪಶ್ತೋದಲ್ಲಿ. ಕಚೇರಿಗೆ ಇಂಗ್ಲಿಷು, ಶಾಲೆಗೆ ಉರ್ದು, ಮನೆಮಾತಿಗೆ ಎಲ್ಲೂ ಮಣೆಯಿಲ್ಲದ ಕಾಲ. ಅದರಲ್ಲಿ ಹೆಂಗಸರೂ ಬರೆದರು, ಗಂಡಸರನ್ನು ಚೆನ್ನಾಗಿಯೇ ಜಾಡಿಸಿದರು. ಬ್ರಿಟಿಷರು ಮೇಲಿಂದ ಮೇಲೆ ಮುಚ್ಚಿಸಿದರು. ಇವರು ಮತ್ತೆ ಮತ್ತೆ ತಂದರು. 1947ರಲ್ಲಿ ಪಾಕಿಸ್ತಾನವಾದ ಮೇಲೆ ಅದನ್ನು ಪೂರ್ತಿ ನಿಲ್ಲಿಸಿದ್ದು ಅವರದೇ ದೇಶದ ಸರ್ಕಾರ.

ನೋಡಿ, ಶಾಲೆ ಆಯಿತು, ಪತ್ರಿಕೆ ಆಯಿತು, ಆಮೇಲೆ ಬಂದದ್ದು ಖುದಾಯಿ ಖಿದ್ಮತ್‌ಗಾರ್, ದೇವರ ಸೇವಕರ ಪಡೆ, 1929ರಲ್ಲಿ. ಬಿಳಿ ಖಾದಿ ಬೇಗ ಕೊಳೆಯಾಗುತ್ತದೆ ಅಂತ ಚರ್ಮ ಹದ ಮಾಡುವಲ್ಲಿ ಅದ್ದಿ ಇಟ್ಟಿಗೆ ಬಣ್ಣ ಬರಿಸಿಕೊಂಡರು. ಅದಕ್ಕೇ ಕೆಂಪಂಗಿಯವರು. 1930ರ ಏಪ್ರಿಲ್ 23ರಂದು ಬಾಚಾ ಖಾನರನ್ನು ಹಿಡಿದರು. ಅವತ್ತೇ ಪೆಶಾವರದ ಕಿಸ್ಸಾ ಖ್ವಾನಿ ಬಜಾರಿನಲ್ಲಿ ಗುಂಡು ಹಾರಿತು. ಗುಂಡಿಗೆ ಎದೆಕೊಟ್ಟ ಜನ ತಿರುಗಿ ಕೈ ಎತ್ತಲಿಲ್ಲ. ಬ್ರಿಟಿಷ್ ಸೇನೆಯಲ್ಲಿದ್ದ ಚಂದ್ರಸಿಂಗ್ ಗಢವಾಲಿಯ ಸಿಪಾಯಿಗಳು ನಿರಾಯುಧರ ಮೇಲೆ ಗುಂಡು ಹಾರಿಸಲ್ಲ ಅಂತ ನಿಂತುಬಿಟ್ಟರು. ಸಾವಿರಾರು ಜನ, ಮನೆಯಲ್ಲಿ ಬಂದೂಕು ನೇತುಹಾಕಿಕೊಂಡಿದ್ದವರು, ಸೇಡಿನ ಲೆಕ್ಕ ಬಾಕಿಯಿದ್ದವರು, ಅದನ್ನೆಲ್ಲ ಬಿಟ್ಟು ಬಂದು ಸಾಲಿನಲ್ಲಿ ನಿಂತರು. ಇಷ್ಟು ಜನ ಅಪವಾದ ಆಗೋದು ಹೇಗೆ ಸ್ವಾಮಿ?

ಮತ್ತೆ 1948ರ ಆಗಸ್ಟ್ 12. ಚಾರ್ಸದ್ದಾದ ಬಾಬ್ಡಾ ಮೈದಾನ. ಈ ಸಲ ಇದೇ ಕೆಂಪಂಗಿಯವರ ಮೇಲೆ ಗುಂಡು ಹೊಡೆಸಿದ್ದು ಬ್ರಿಟಿಷರಲ್ಲ, ಪಾಕಿಸ್ತಾನದ ಸರ್ಕಾರ. ಸತ್ತವರು ಹದಿನೈದು ಅಂದಿತು ಸರ್ಕಾರ. ಊರವರ ಲೆಕ್ಕ ನೂರಾರು. ಜಲಿಯನ್‌ವಾಲಾ ಬಾಗ್ ಬಗ್ಗೆ ನಮ್ಮ ಏಳನೇ ಕ್ಲಾಸಿನ ಹುಡುಗ ಹೇಳುತ್ತಾನೆ. ಬಾಬ್ಡಾ ಹೆಸರನ್ನು ನಮ್ಮ ಎಂಎ ಓದಿದವರೂ ಕೇಳಿಲ್ಲ.

ಸೇಡಿನ ವಿಷಯಕ್ಕೆ ಇನ್ನೊಂದು ಮಾತು. ಪಶ್ತೋದಲ್ಲಿ 'ತರ್ಬೂರ್' ಅಂದರೆ ಚಿಕ್ಕಪ್ಪ ದೊಡ್ಡಪ್ಪನ ಮಗ. ಅದೇ ಪದಕ್ಕೆ ಎದುರಾಳಿ ಅನ್ನುವ ಅರ್ಥವೂ ಇದೆ. ನಮ್ಮಲ್ಲಿ 'ದಾಯಾದಿ' ಅಂದರೆ ಏನು ಹೇಳಿ? ಹೊಲದ ಬದು, ಬಾವಿಯ ನೀರಿನ ಸರದಿ, ಅಜ್ಜನ ಆಸ್ತಿ. ನಿಮ್ಮ ತಾಲೂಕು ಕೋರ್ಟಿನ ಜಗಲಿಯಲ್ಲಿ ಒಂದು ಬೆಳಿಗ್ಗೆ ಕೂತು ಬನ್ನಿ. ಚಾರ್ಸದ್ದಾದಲ್ಲೂ ಜಗಳ ನೆಲದ್ದೇ. ಸ್ವಾತ್ ನದಿಯಿಂದ ಕಾಲುವೆ ಬಂದ ಮೇಲೆ ಕಬ್ಬು, ಬೆಲ್ಲ ಜಾಸ್ತಿಯಾಯಿತು, ಖಾನರ, ಅಂದರೆ ದೊಡ್ಡ ಜಮೀನುದಾರರ, ನೆಲಕ್ಕೆ ಬೆಲೆ ಬಂತು, ಗೇಣಿ ರೈತ ಇದ್ದಲ್ಲೇ ಇದ್ದ. 1970ರ ಸುಮಾರಿಗೆ ಹಶ್ತ್‌ನಗರದ ಗೇಣಿದಾರರು ಮಜ್ದೂರ್ ಕಿಸಾನ್ ಪಾರ್ಟಿ ಜೊತೆ ಸೇರಿ ಒಕ್ಕಲೆಬ್ಬಿಸುವುದರ ವಿರುದ್ಧ ತಿರುಗಿ ಬಿದ್ದರು. ಅದೇ ದಶಕದಲ್ಲಿ ನಮ್ಮಲ್ಲಿ 'ಉಳುವವನೇ ಹೊಲದೊಡೆಯ' ಅಂತ ಕಾನೂನು ಬಂತು. ಅವರಿಗೆ ಅಂಥದ್ದು ಗಟ್ಟಿಯಾಗಿ ಸಿಗಲಿಲ್ಲ. 2010ರಲ್ಲಿ ಸ್ವಾತ್ ನದಿ ಉಕ್ಕಿ ಮುಂಡಾ ಹೆಡ್‌ವರ್ಕ್ಸ್ ಅನ್ನುವ, ಕಾಲುವೆಗೆ ನೀರು ತಿರುಗಿಸುವ ಕಟ್ಟೆ ಕಿತ್ತುಹೋದಾಗ ಮೊದಲು ಮುಳುಗಿದ್ದೂ ಇಂಥವರ ಮಣ್ಣಿನ ಮನೆಗಳೇ.

ಕನ್ನಡದ ಪತ್ರಿಕೆಗೆ ಇದೆಲ್ಲ ಯಾಕೆ ಅಂದಿರಿ. ನಾನು ಓದಿದ ಕನ್ನಡ ಶಾಲೆಗೆ ಹೋದ ವರ್ಷ ಹೋಗಿದ್ದೆ. ಬೆರಳೆಣಿಕೆಯ ಮಕ್ಕಳು. ಬಿಸಿಯೂಟದ ತಟ್ಟೆಗಳೇ ಅವರಿಗಿಂತ ಜಾಸ್ತಿ. ಊರಿನ ಮಿಕ್ಕ ಮಕ್ಕಳನ್ನು ಬೆಳಿಗ್ಗೆ ಏಳೂವರೆಗೆ ಹಳದಿ ವ್ಯಾನು ತುಂಬಿಕೊಂಡು ಹೋಗುತ್ತದೆ. ಯಾರೂ ಜೈಲಿಗೆ ಹಾಕುತ್ತೇವೆ ಅಂತ ಹೆದರಿಸಿಲ್ಲ. ಯಾವ ಮುಲ್ಲಾನೂ ನರಕ ಅಂದಿಲ್ಲ. ಸುಮ್ನೆ, ನಮ್ಮ ಪಾಡಿಗೆ ನಾವೇ ಬಿಟ್ಟೆವು. ಪತ್ರಿಕೆಗಳ ಕಥೆ ಕೇಳಲೇಬೇಡಿ. ಅಂಚೆ ಖರ್ಚು ಏರುತ್ತಿದೆ, ಕಾಗದ ಏರುತ್ತಿದೆ, ನವೆಂಬರ್ ಒಂದಕ್ಕೆ ಬಾವುಟ ಹಾರಿಸುವವರಲ್ಲಿ ಚಂದಾ ಕಟ್ಟುವವರು ಎಷ್ಟು ಅಂತ ನಮ್ಮ ಮ್ಯಾನೇಜರನ್ನು ಕೇಳಿದರೆ ನಗುತ್ತಾರೆ. ಇಂಥ ಹೊತ್ತಲ್ಲಿ ತನ್ನ ಮಾತಿನ ಶಾಲೆಗೆ, ಪತ್ರಿಕೆಗೆ ಜೈಲು ಕಂಡವರ ಜಿಲ್ಲೆಯ ಬಗ್ಗೆ ಎರಡು ಪುಟ ಜಾಸ್ತಿಯಾಯಿತು ಅಂದರೆ ನನಗೆ ಸಿಟ್ಟು ಬರುತ್ತದೆ. ಬಂತು ಕೂಡ. ಕ್ಷಮಿಸಿ.

ನಿಮ್ಮ ಚಂದಾ ಮುಗಿಯಲು ಇನ್ನೂ ಮೂರು ಸಂಚಿಕೆ ಬಾಕಿ ಇದೆ, ನೋಡಿಸಿದೆ. ಮುಂದಿನದರಲ್ಲಿ ಹಶ್ತ್‌ನಗರದ ಬೆಲ್ಲ, ಅಲ್ಲಿನ ಆಲೆಮನೆಗಳ ಬಗ್ಗೆ ನಾಲ್ಕು ಪುಟ ಬರುತ್ತಿದೆ. ನಿಲ್ಲಿಸುವುದಾದರೆ ಅದನ್ನು ಓದಿದ ಮೇಲೆ ನಿಲ್ಲಿಸಿ.