ಕಟ್ಟಡ ಒಂದೇ ಇದ್ದರೂ ‘ಪ್ರಿಮಿಸಸ್’ ಯಾಕೆ?

ಇಂಗ್ಲಿಷ್ ನೋಟಿಸಿನಲ್ಲಿ ಕಟ್ಟಡಕ್ಕೆ ‘ಪ್ರಿಮಿಸ್’ ಎಂದು ಬರೆದಿದ್ದೆ, ಆಫೀಸಿನಲ್ಲಿ ತಿದ್ದಿ ವಾಪಸ್ ಕಳಿಸಿದರು, ಯಾಕೆ ಎಂದು ಕೇಳಿದ್ದೀರಿ. ಬಹುಶಃ ಕೊನೆಯ ‘ಎಸ್’ ಬಿಟ್ಟಿದ್ದಕ್ಕೆ. ಕಟ್ಟಡ ಒಂದೇ ಅಲ್ವಾ, ಏಕವಚನ ಸಾಕು ಅನ್ನಿಸುವುದು ಸಹಜ. ಆದರೆ ‘ಪ್ರಿಮಿಸ್’ ಅಂದರೆ ವಾದಕ್ಕೆ ಆಧಾರವಾಗಿ ಇಟ್ಟುಕೊಂಡ ಮಾತು. ಕಟ್ಟಡ ಮತ್ತು ಅದರ ಆವರಣಕ್ಕೆ ಯಾವಾಗಲೂ ‘ಪ್ರಿಮಿಸಸ್’. ಹಳೆಯ ಆಸ್ತಿ ಪತ್ರಗಳಲ್ಲಿ ಇದನ್ನು ‘ಮೇಲೆ ಹೇಳಿದವು’ ಎಂಬ ಅರ್ಥದಲ್ಲಿ ಬರೆಯುತ್ತಿದ್ದರು. ಮೇಲೆ ಹೇಳಿದ್ದು ಮನೆ, ಜಮೀನೇ ಆಗಿರುತ್ತಿದ್ದರಿಂದ ಪದ ಅವಕ್ಕೇ ಅಂಟಿಕೊಂಡಿತು. ವಕೀಲರ ಭಾಷೆಯ ಕಿತಾಪತಿ!

ಮೊದಲು ‘ಎಸ್’ ಸೇರಿಸಿ. ಆಮೇಲೆ ಕ್ರಿಯಾಪದ ನೋಡಿ: ‘ದಿ ಪ್ರಿಮಿಸಸ್ ಆರ್ ಕ್ಲೋಸ್ಡ್’ ಆಗಬೇಕು, ‘ಈಸ್’ ಅಲ್ಲ. ‘ದಿಸ್’ ಇದ್ದರೆ ‘ದೀಸ್’ ಮಾಡಿ. ‘ಆವರಣದಲ್ಲಿ’ ಎನ್ನಲು ‘ಆನ್ ದಿ ಪ್ರಿಮಿಸಸ್’ ಜಾಸ್ತಿ ಬಳಕೆಯಲ್ಲಿದೆ. ‘ಇನ್’ ಕೂಡ ಅಲ್ಲಲ್ಲಿ ಕಾಣಿಸುತ್ತದೆ, ನಾನಾದರೆ ‘ಆನ್’ ಹಾಕುತ್ತೇನೆ.