ಎರಡು ಸಾವಿರ ಪದ ಇದ್ದರೂ ಭಾಷೆ ಬರಲಿಲ್ಲವೇ?

ಪ್ರಿಯರೇ,

ನಿಮ್ಮ ಪತ್ರ ಓದಿದೆ. ಕಾದಂಬರಿಗೆಂದು ಒಂದು ದ್ವೀಪ ಕಟ್ಟಿದ್ದೀರಿ. ಅಲ್ಲಿನ ಜನರಿಗೆ ಭಾಷೆಯನ್ನೂ ಮಾಡಿದ್ದೀರಿ. ಎರಡು ವರ್ಷದ ದುಡಿಮೆ, 2000 ಪದ. "ಆದರೂ ಕನ್ನಡಕ್ಕೇ ವೇಷ ಹಾಕಿದ ಹಾಗಿದೆ. ಭಾಷಾವಿಜ್ಞಾನ ಓದದವರಿಗೆ ಇದು ಆಗದ ಕೆಲಸವೇ?" ಎಂದು ಕೇಳಿದ್ದೀರಿ.

ಓದಿನ ಮಾತು ಮೊದಲು ಮುಗಿಸಿಬಿಡೋಣ. 1887ರಲ್ಲಿ ಎಸ್ಪೆರಾಂಟೊ ಎಂಬ ಹೊಸ ಭಾಷೆಯನ್ನೇ ಕಟ್ಟಿ ಹೊರತಂದ ಜಾಮೆನ್‌ಹೋಫ್ ಕಣ್ಣಿನ ಡಾಕ್ಟರು. ಅದು ಕತೆಗೆ ಮಾಡಿದ ಭಾಷೆಯಲ್ಲ, ನಿಜ. ಡಿಗ್ರಿಯ ಪ್ರಶ್ನೆಗೆ ಅಷ್ಟು ಸಾಕು.

ನಿಮ್ಮಲ್ಲಿ ಪದಗಳು ಕಡಿಮೆಯಾಗಿಲ್ಲ, ಜಾಸ್ತಿಯಾಗಿವೆ. 2001ರಲ್ಲಿ ಬಂದ ಟೋಕಿ ಪೋನಾ ಎಂಬ ಕಟ್ಟಿದ ಭಾಷೆ ಸುಮಾರು 120 ಪದಗಳಲ್ಲೇ ಸಂಸಾರ ನಡೆಸುತ್ತದೆ. ನೀವು ಕಳಿಸಿದ ಹಾಳೆಯಲ್ಲಿ 'ತಿನ್ನು' ಅನ್ನುವುದಕ್ಕೆ 'ಜೊಮು' ಎಂದಿದೆ. ಸರಿ. ಆದರೆ ನಿಮ್ಮ ಕಳ್ಳ ಏಟನ್ನೂ ಜೊಮುತ್ತಾನೆ, ಕಾವಲುಗಾರ ಲಂಚವನ್ನೂ ಜೊಮುತ್ತಾನೆ, ತಮ್ಮ ಅಕ್ಕನ ತಲೆಯನ್ನೂ ಜೊಮುತ್ತಾನೆ. ಈ ಮೂರನ್ನೂ ತಿನ್ನುವವರು ನಾವು! ಕಡಲ ನಡುವೆ ಹುಟ್ಟಿ ಬೆಳೆದವರು ಯಾಕೆ ತಿನ್ನಬೇಕು? ಅವರಿಗೆ ಲಂಚ ಬಲೆಗೆ ಬೀಳಬಹುದು, ಏಟು ಅಲೆಯ ಹಾಗೆ ಬಂದು ಒಡೆಯಬಹುದು. ಕನ್ನಡದ ಒಂದೊಂದು ಪದಕ್ಕೂ ಒಂದೊಂದು ಜೋಡಿ ಹುಡುಕುತ್ತಾ ಹೋದರೆ ಕೈಗೆ ಬರುವುದು ಸುಮ್ನೆ ಒಂದು ಗುಟ್ಟಿನ ಸಂಕೇತ, ಅಷ್ಟೇ.

ಇನ್ನು 'ನಾವು'. ತೆಲುಗಿನಲ್ಲಿ 'ಮನಂ' ಎಂದರೆ ಕೇಳುತ್ತಿರುವವರೂ ಸೇರಿದ ನಾವು. 'ಮೇಮು' ಎಂದರೆ ಅವರನ್ನು ಬಿಟ್ಟ ನಾವು. ಕನ್ನಡದಲ್ಲಿ ಎರಡಕ್ಕೂ ಒಂದೇ. ನಿಮ್ಮ ನಾಯಕಿ ಹಡಗು ಹತ್ತುವ ಹಿಂದಿನ ದಿನ ತಮ್ಮನಿಗೆ "ನಾಳೆ ನಾವು ಹೊರಡುತ್ತೇವೆ" ಅನ್ನುತ್ತಾಳೆ. ಆಮೇಲೆ ಅವನನ್ನು ದಡದಲ್ಲೇ ಬಿಟ್ಟು ಹೋಗುತ್ತಾಳೆ ಎಂದು ತಿಳಿಸಲು ನೀವು ಅರ್ಧ ಪುಟ ಬರೆದಿದ್ದೀರಿ. ಎರಡು ಬಗೆಯ 'ನಾವು' ಇದ್ದಿದ್ದರೆ ಆ ಹುಡುಗನಿಗೆ ಒಂದೇ ಪದದಲ್ಲಿ ಗೊತ್ತಾಗಿಬಿಡುತ್ತಿತ್ತು, ಅಲ್ವಾ? ಇಂಥ ಜಾಗ ಕೈತಪ್ಪಿತಲ್ಲ ಅಂತ ನನಗೇ ಹೊಟ್ಟೆ ಉರಿಯಿತು.

ಭಾಷೆಗೆ ವಯಸ್ಸು ಬರಬೇಕೆಂದರೆ ಸದ್ದು ಸವೆಯಬೇಕು. ಹಳಗನ್ನಡದ ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು. ಆದರೆ 'ಅಪ್ಪ'ನ ಒತ್ತಕ್ಷರ ಅಲ್ಲಾಡಲಿಲ್ಲ. ಸವೆತಕ್ಕೂ ಒಂದು ಕ್ರಮ ಇದೆ ನೋಡಿ. 'ಲಾರ್ಡ್ ಆಫ್ ದ ರಿಂಗ್ಸ್' ಬರೆದ ಟೋಲ್ಕಿನ್ ತಮ್ಮ ಕತೆಗಳ ಕ್ವೆನ್ಯಾ ಮತ್ತು ಸಿಂಡರಿನ್ ಭಾಷೆಗಳನ್ನು ಒಂದೇ ತಾಯಿನುಡಿಯಿಂದ ಹೀಗೆಯೇ ಬೆಳೆಸಿದರು. ಮರಕ್ಕೆ ಒಂದರಲ್ಲಿ 'ಅಲ್ದಾ', ಇನ್ನೊಂದರಲ್ಲಿ 'ಗಲದ್'. ನೀವೂ ಇಂಥ ಒಂದೆರಡು ನಿಯಮ ಇಟ್ಟುಕೊಂಡು ಇಡೀ ಪಟ್ಟಿಯ ಮೇಲೆ ಓಡಿಸಿ. ದ್ವೀಪದ ಹಳೇ ಊರುಗಳ ಹೆಸರಲ್ಲಿ ಮಾತ್ರ ಹಳೇ ಸದ್ದು ಉಳಿಯಲಿ.

ಈ ತಿಂಗಳು ಹೊಸ ಪದ ಮಾಡಬೇಡಿ. ತಮ್ಮನನ್ನು ದಡದಲ್ಲಿ ಬಿಟ್ಟು ಹೊರಡುವಾಗ ಅಕ್ಕ ತಮ್ಮ ಆಡುವ ಜಗಳವನ್ನು ಹತ್ತು ವಾಕ್ಯದಲ್ಲಿ ಅವರ ಭಾಷೆಯಲ್ಲೇ ಬರೆಯಿರಿ. ಸಿಟ್ಟಿನಲ್ಲಿ ಆಡುವ ಹಾಗೆ ಗಟ್ಟಿಯಾಗಿ, ಬೇಗಬೇಗ ಓದಿ. ನಾಲಿಗೆ ಎಲ್ಲಿ ತೊಡರುತ್ತದೋ ಅಲ್ಲಿ ಗುರುತು ಹಾಕಿ. ಸದ್ದು ಸವೆಯುವುದು ಅಲ್ಲಿಂದಲೇ. ಆ ಹಾಳೆ ನನಗೂ ಕಳಿಸಿ.

ಸಂಪಾದಕ